ಟೀಚರ ಪುಟದ ಹಳದಿ ಪಟ್ಟಿ

ನಮ್ಮ ಊರಿನಲ್ಲಿ ಮದುವೆಗೆ ಪುರೋಹಿತರು ತಡವಾಗಿ ಬಂದರೂ ನಡೆಯುತ್ತದೆ, ಪತ್ರಿಕೆಯವನು ಬರದಿದ್ದರೆ ಮಾತ್ರ ತಾಳಿ ಕಟ್ಟುವುದಿಲ್ಲ. ಅವನಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿ, ಕೇಳದೆಯೇ ಇನ್ನೊಂದು ಸೌಟು ಪಾಯಸ ಬಡಿಸುತ್ತಾರೆ. ಹೆಣ್ಣುಗಂಡಿನ ಹೆಸರನ್ನು ಸರಿಯಾಗಿ ಬರೆದುಕೊಂಡನೋ ಇಲ್ಲವೋ ಎಂದು ಹೆಣ್ಣಿನ ಸೋದರಮಾವ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಾನೆ. ಅಚ್ಚಾಗದ ಮದುವೆಗೆ ಆಧಾರವಿಲ್ಲ. ಆಧಾರವಿಲ್ಲದ್ದನ್ನು ಊರಿನ ವಿಶ್ವಕೋಶದಿಂದ ತೆಗೆದುಹಾಕುತ್ತಾರೆ. ವಿಶ್ವಕೋಶದಿಂದ ತೆಗೆದದ್ದು ಊರಿನಲ್ಲೂ ಉಳಿಯುವುದಿಲ್ಲ. ಇದರಲ್ಲಿ ಬೇರೆ ಊರಿನವರು ಬಾಯಿಬಿಟ್ಟು ನೋಡುವಂಥದ್ದು ಏನಿದೆಯೋ ನನಗೆ ಗೊತ್ತಿಲ್ಲ. ನಾವು ಹುಟ್ಟಿದಾಗಿನಿಂದ ಹೀಗೇ ಇದ್ದೇವೆ, ಇದರ ಜೊತೆಗೇ ಹಪ್ಪಳ ಒಣಗಿಸಿಕೊಂಡು, ಜಗಳವಾಡಿಕೊಂಡು ಬದುಕುತ್ತಿದ್ದೇವೆ.

ತೆಗೆದುಹಾಕುವುದಕ್ಕೆ ಮೊದಲು ಪುಟದ ನೆತ್ತಿಯ ಮೇಲೆ ಒಂದು ಹಳದಿ ಪಟ್ಟಿ ಬರುತ್ತದೆ: 'ಈ ಪುಟಕ್ಕೆ ಸ್ವತಂತ್ರ ಆಧಾರಗಳು ಬೇಕು.' ಪಟ್ಟಿ ಬಂದವರ ಮನೆಗೆ ಅಕ್ಕಪಕ್ಕದವರು ಮೊಸರನ್ನ ತೆಗೆದುಕೊಂಡು ಹೋಗುತ್ತಾರೆ, ಆದರೆ ಒಳಗೆ ಹೆಚ್ಚು ಹೊತ್ತು ಕೂರುವುದಿಲ್ಲ. ಇನ್ನು ಕೆಲವರದು ಬೇರೆಯೇ ಪಾಡು. ಮೂಲೆಮನೆಯ ಕೆಂಪರಸಯ್ಯನವರು ಹುಟ್ಟಿದ ವರ್ಷವನ್ನು ಒಂದು ಪುಸ್ತಕ ಒಂದು ಥರ ಹೇಳುತ್ತದೆ, ಹಳೆಯ ಪತ್ರಿಕೆಯೊಂದು ಇನ್ನೊಂದು ಥರ ಹೇಳುತ್ತದೆ. ಅವರ ಪುಟದಲ್ಲಿ ಎರಡೂ ಇವೆ. ಹಾಗಾಗಿ ಅವರು ಒಂದು ದಿನ ಕೋಲೂರಿಕೊಂಡು ಕೆಮ್ಮುತ್ತಾ ಬರುತ್ತಾರೆ, ಇನ್ನೊಂದು ದಿನ ಸೈಕಲ್ಲಿನಲ್ಲಿ ಸಿಳ್ಳೆ ಹೊಡೆದುಕೊಂಡು ಹೋಗುತ್ತಾರೆ. ಅವರ ಹೆಂಡತಿ ಒಲೆ ಹಚ್ಚುವ ಮೊದಲು ಕೋಣೆಯ ಬಾಗಿಲಲ್ಲಿ ನಿಂತು ಕೆಮ್ಮು ಕೇಳಿಸುತ್ತದೆಯೇ ಎಂದು ಕಿವಿಗೊಡುತ್ತಾಳೆ. ಕೇಳಿಸಿದರೆ ಗಂಜಿ, ಇಲ್ಲದಿದ್ದರೆ ಮುದ್ದೆ. ನಾವು ಅವರನ್ನು ನೋಡಿ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ನನ್ನ ಹೆಸರು ಗಂಗಾಮಣಿ. ಬಸ್ ನಿಲ್ದಾಣದ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಕಂಪ್ಯೂಟರಿನಲ್ಲಿ ವಿಶ್ವಕೋಶದ ಪುಟಗಳನ್ನು ತಿದ್ದುತ್ತೇನೆ. ಯಾರೂ ಸಂಬಳ ಕೊಡುವುದಿಲ್ಲ. ಆದರೆ ತಿದ್ದಲು ಬರುವವರ ಮನೆಗೆ ಹಾಲಿನವನು ನೀರು ಬೆರೆಸಿದ ಹಾಲು ಹಾಕುವುದಿಲ್ಲ, ಅಷ್ಟರ ಮಟ್ಟಿಗೆ ಲಾಭ. ಮನೆಯಲ್ಲಿ ಇರುವವರು ನಾನು ಮತ್ತು ನನ್ನ ತಂಗಿ ಚೆಲುವಿ. ಅಪ್ಪ ಅಂಬಿಗ. ನಾವು ಚಿಕ್ಕವರಿದ್ದಾಗ ಕಡವಿನಲ್ಲಿ ದೋಣಿ ಮಗುಚಿ ಹೋಗಿಬಿಟ್ಟ. ಅವತ್ತು ಚೆಲುವಿಯೂ ದೋಣಿಯಲ್ಲಿದ್ದಳು. ನನ್ನನ್ನು ಅದೇ ದಿನ ದೊಡ್ಡಮ್ಮನ ಊರಿಗೆ ಕಳಿಸಿದರು. ಎಷ್ಟೋ ತಿಂಗಳಾದ ಮೇಲೆ ನಾನು ವಾಪಸು ಬಂದಾಗ ಚೆಲುವಿ ಹೊಸ್ತಿಲ ಮೇಲೆ ಕೂತು ಬೆಲ್ಲ ಚೀಪುತ್ತಿದ್ದಳು. ಅಮ್ಮ ಅವಳ ಹಿಂದೆ ಕೂತು ತಲೆ ಒರೆಸುತ್ತಿದ್ದಳು. ಅವಳ ಕೂದಲು ಇವತ್ತಿಗೂ ಪೂರ್ತಿ ಒಣಗುವುದಿಲ್ಲ. ಅಮ್ಮ ಸಾಯುವ ತನಕ ಅದಕ್ಕೆ ಸಾಂಬ್ರಾಣಿ ಹೊಗೆ ಹಾಕುತ್ತಿದ್ದಳು, ಈಗ ನಾನು ಹಾಕುತ್ತೇನೆ. ಚೆಲುವಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಊರಿನ ಅರ್ಧ ರವಿಕೆಗಳು ಅವಳ ಕೈಯವು. ನಾಲಿಗೆ ಮಾತ್ರ ಸೂಜಿಗಿಂತ ಚೂಪು.

ಚೆಲುವಿಗೆ ತನ್ನದೇ ಪುಟವಿಲ್ಲ. ಬಡವರಲ್ಲಿ ಬಹಳ ಜನಕ್ಕೆ ಇಲ್ಲ. ಅವಳು ಇರುವುದು ಕಡವಿನ ಪುಟದ ಒಂದು ವಾಕ್ಯದಲ್ಲಿ: 'ಅಂಬಿಗನ ಕಿರಿಯ ಮಗಳು ಕೆಳಗಿನ ಮರಳುದಿಬ್ಬದ ಮೇಲೆ ಜೀವಂತವಾಗಿ ಸಿಕ್ಕಳು.' ಅದಕ್ಕೆ ಆಧಾರ ವಿಮಲಾಕ್ಷಿ ಟೀಚರು ಬರೆದ ಕಡವಿನ ಪುಸ್ತಕ. ನೆಂಟರ ಬಗ್ಗೆ ನೆಂಟರು ಬರೆಯುವ ಹಾಗಿಲ್ಲ ಎಂಬ ನಿಯಮವಿರುವುದರಿಂದ ನಾನು ಆ ವಾಕ್ಯವನ್ನು ಎಂದೂ ಮುಟ್ಟಿದವಳಲ್ಲ. ಮುಟ್ಟಬೇಕಾದ ಪ್ರಮೇಯವೂ ಬಂದಿರಲಿಲ್ಲ. ಟೀಚರ ಪುಸ್ತಕ ಎಂದರೆ ಊರಿಗೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಅವರು ಕಥೆ ಬರೆದವರಲ್ಲ, ಕವಿತೆ ಬರೆದವರಲ್ಲ. ಮನೆಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಇದ್ದದ್ದನ್ನು ಇದ್ದ ಹಾಗೆ ಬರೆದವರು. ಬಾವಿಗಳ ಬಗ್ಗೆ ಬರೆದರು, ಸೂಲಗಿತ್ತಿಯರ ಬಗ್ಗೆ ಬರೆದರು. ನಮ್ಮ ಬಾವಿಗಳಲ್ಲಿ ನೀರು ನಿಂತಿರುವುದೇ ಅವರ ಪುಸ್ತಕದ ಮೇಲೆ.

ಆ ಸೋಮವಾರ ಅಂಗಡಿ ತೆರೆದು ಕಂಪ್ಯೂಟರು ಹಚ್ಚಿದೆ. ಹಳದಿ ಪಟ್ಟಿ ವಿಮಲಾಕ್ಷಿ ಟೀಚರ ಪುಟದ ಮೇಲಿತ್ತು.

ಮೊದಲು ನನ್ನ ಕಣ್ಣನ್ನೇ ನಂಬಲಿಲ್ಲ. ಆಮೇಲೆ ಪುಟ ಓದಿದೆ. ಪುಟದಲ್ಲಿ ಏನೂ ಇರಲಿಲ್ಲ. ಹೆಸರು, ಊರು, ಶಾಲೆ, ಪುಸ್ತಕಗಳ ಹೆಸರು. ಎಲ್ಲದಕ್ಕೂ ಆಧಾರ ಅವರದೇ ಪುಸ್ತಕಗಳ ಹಿಂಬದಿಯ ರಟ್ಟು. ಊರಿನವರ ಬಗ್ಗೆಯೆಲ್ಲ ಬರೆದ ಹೆಂಗಸಿನ ಬಗ್ಗೆ ಊರಿನಲ್ಲಿ ಒಬ್ಬರೂ ಒಂದು ಸಾಲು ಬರೆದಿರಲಿಲ್ಲ. ಅಮಾವಾಸ್ಯೆಯೊಳಗೆ ಬೇರೆಯವರು ಬರೆದದ್ದೇನಾದರೂ ಸಿಗದಿದ್ದರೆ ಪುಟ ಹೋಗುತ್ತದೆ. ಪುಟ ಹೋದರೆ ಟೀಚರು ಹೋಗುತ್ತಾರೆ, ಅವರ ಪುಸ್ತಕಗಳು ಹೋಗುತ್ತವೆ, ಪುಸ್ತಕಗಳ ಮೇಲೆ ನಿಂತದ್ದೆಲ್ಲ ಹೋಗುತ್ತದೆ. ನಾನು ಬಾವಿ ಸೂಲಗಿತ್ತಿ ಎಂದೆಲ್ಲ ಯೋಚಿಸಲಿಲ್ಲ. ಚೆಲುವಿ ಎಂದು ಮಾತ್ರ ಯೋಚಿಸಿದೆ. ಅಂಗಡಿಯ ಬಾಗಿಲೆಳೆದು ಮನೆಗೆ ಓಡಿದೆ. ಹೊರಗಿನಿಂದಲೇ ಹೊಲಿಗೆ ಮೆಷಿನ್ನಿನ ಸದ್ದು ಕೇಳಿ ಜೀವ ಬಂತು.

"ಏನಕ್ಕ, ನಾಯಿ ಅಟ್ಟಿಸ್ಕೊಂಡು ಬಂತಾ?" ಎಂದಳು ಚೆಲುವಿ, ತಲೆ ಎತ್ತದೆ.

ಪಟ್ಟಿಯ ವಿಷಯ ಹೇಳಿದೆ. ಅವಳ ಕಾಲು ಮೆಷಿನ್ನಿನ ಮೇಲೆ ನಿಂತುಹೋಯಿತು. "ಹುಡುಕು. ಸಿಗತ್ತೆ," ಎಂದು ಮತ್ತೆ ತುಳಿಯತೊಡಗಿದಳು. ದಾರ ಸಿಕ್ಕಾಗಿ ಹೊಲಿಗೆ ಗಂಟುಬಿದ್ದಿದ್ದನ್ನು ಅವಳು ನೋಡಲಿಲ್ಲ, ನಾನು ನೋಡಿದೆ.

ಟೀಚರು ಹಿತ್ತಲಿನಲ್ಲಿ ಬಸಳೆ ಬಳ್ಳಿಗೆ ಕಡ್ಡಿ ನೆಡುತ್ತಿದ್ದರು. ಎಪ್ಪತ್ತು ದಾಟಿದ ಮೇಲೂ ಬೆನ್ನು ನೆಟ್ಟಗೆ. ಪಟ್ಟಿಯ ವಿಷಯ ಅವರಿಗೆ ಆಗಲೇ ತಿಳಿದಿತ್ತು. ಅವರ ಮುಂಬಾಗಿಲಲ್ಲಿ ಮುಚ್ಚಿಟ್ಟ ಪಾತ್ರೆಗಳ ಸಾಲೇ ಇತ್ತು. "ಇಷ್ಟೊಂದು ಮೊಸರನ್ನ ತಿಂದು ಪುಟ ಹೋಗೋಕೆ ಮುಂಚೆ ನಾನೇ ಹೋಗ್ತೀನಿ ಕಣೆ," ಎಂದರು.

"ತಮಾಷೆ ಬೇಡಿ ಟೀಚರೇ. ನಿಮ್ಮ ಬಗ್ಗೆ ಯಾರಾದ್ರೂ ಏನಾದ್ರೂ ಬರೆದಿದಾರಾ? ಸನ್ಮಾನ, ಗಿನ್ಮಾನ?"

"ಕರೆದಿದ್ರು. ನಾನೇ ಹೋಗ್ಲಿಲ್ಲ. ಬೇರೆಯೋರ ಬಗ್ಗೆ ಬರೆಯೋಳಿಗೆ ಶಾಲು ಯಾಕೆ ಅಂತ."

"ಈಗ ಪತ್ರಿಕೆಯವನನ್ನ ಕರ್ಕೊಂಡು ಬಂದ್ರೆ?"

"ಪಟ್ಟಿ ಬಿದ್ದ ಮೇಲೆ ಬರೆಸಿದ್ದು ನಡೆಯಲ್ಲ. ನಿಂಗೊತ್ತಿಲ್ವಾ?"

ಗೊತ್ತಿತ್ತು. ಗಾಬರಿಯಲ್ಲಿ ಕೇಳಿದ್ದೆ. ನಾನು ಬಿಡದೆ ಪೀಡಿಸಿದ ಮೇಲೆ ಅವರು ಕಡ್ಡಿಯನ್ನು ಮಣ್ಣಿಗೆ ಒತ್ತುತ್ತಾ, ಕಡವಿನ ಪುಸ್ತಕ ಬಂದಾಗ ಒಂದು ಮಾಸಪತ್ರಿಕೆಯಲ್ಲಿ ವಿಮರ್ಶೆ ಬಂದಿತ್ತು ಎಂದರು. ಬರೆದವನು ಸರ್ವೆ ಇಲಾಖೆಯವನು, ಈಗಿಲ್ಲ. "ಆದ್ರೆ ಅದನ್ನ ಹುಡುಕಬೇಡ ಗಂಗಾ," ಎಂದರು. ಏಕೆ ಎಂದರೆ ಇನ್ನೊಂದು ಕಡ್ಡಿ ಎತ್ತಿಕೊಂಡರು. ಮುದುಕಿಗೆ ಸಂಕೋಚ ಎಂದುಕೊಂಡು ನಾನು ನೇರವಾಗಿ ವಾಚನಾಲಯಕ್ಕೆ ಹೋದೆ. ದಾರಿಯಲ್ಲಿ ಅರಳಿಕಟ್ಟೆ ಬಾವಿಯ ಸುತ್ತ ಹೆಂಗಸರು ಗುಂಪುಗೂಡಿದ್ದರು. ಹಗ್ಗ ಸಾಲುತ್ತಿರಲಿಲ್ಲ. ನೀರು ಬೆಳಗಿನಿಂದ ಕೆಳಕ್ಕಿಳಿಯುತ್ತಿದೆ ಎಂದು ಒಬ್ಬಳು ಪಿಸುಗುಟ್ಟಿದಳು. ಜೋರಾಗಿ ಹೇಳಲು ಯಾರಿಗೂ ಧೈರ್ಯವಿರಲಿಲ್ಲ.

ಮಾಸಪತ್ರಿಕೆಯ ಹಳೆಯ ಸಂಚಿಕೆಗಳನ್ನು ವಾಚನಾಲಯದಲ್ಲಿ ರಟ್ಟು ಹಾಕಿ ಕಟ್ಟಿಟ್ಟಿದ್ದರು. ವಿಮರ್ಶೆ ಸಿಕ್ಕಿತು. ಓದುತ್ತಾ ನನ್ನ ಎದೆ ಉಬ್ಬಿತು. 'ಈ ಲೇಖಕಿ ತಾನು ಕಾಣದ್ದನ್ನು ಬರೆಯುವುದಿಲ್ಲ. ನಮ್ಮ ಸೀಮೆಯಲ್ಲಿ ಇಂಥ ಪುಸ್ತಕ ಹಿಂದೆ ಬಂದಿಲ್ಲ.' ಇದಕ್ಕಿಂತ ಇನ್ನೇನು ಬೇಕು? ಅವರು ಯಾವ ಮನೆಯಲ್ಲಿ ಕೂತು ಯಾರನ್ನು ಮಾತನಾಡಿಸಿದರು, ದೋಣಿಯ ಹಲಗೆಗಳ ಹೆಸರುಗಳನ್ನು ಹೇಗೆ ಕೂಡಿಟ್ಟರು ಎಲ್ಲವೂ ಇತ್ತು. ಕೊನೆಯ ಹಾಳೆ ತಿರುವಿದೆ. ಅರ್ಧ ಹಾಳೆ ಇರಲಿಲ್ಲ. ಯಾರೋ ಕತ್ತರಿಸಿದ್ದರು. ಹರಿದದ್ದಲ್ಲ, ಬ್ಲೇಡಿನಲ್ಲಿ ಕೊಯ್ದದ್ದೂ ಅಲ್ಲ. ಅಂಚು ಹಲ್ಲುಹಲ್ಲಾಗಿತ್ತು, ಬಟ್ಟೆಯ ನೂಲು ಬಿಡದ ಹಾಗೆ ಕತ್ತರಿಸುವ ಜಿಗ್‌ಜಾಗ್ ಕತ್ತರಿಯಲ್ಲಿ ಕತ್ತರಿಸಿದಂತೆ.

ನಮ್ಮ ಊರಿನಲ್ಲಿ ಅಂಥ ಕತ್ತರಿ ಇರುವುದು ಒಬ್ಬಳ ಹತ್ತಿರ. ನಾನೇ ಅವಳಿಗೆ ತಂದುಕೊಟ್ಟದ್ದು. ತಲೆ ಎತ್ತಿದರೆ ವಾಚನಾಲಯದ ಕಿಟಕಿಗಳಲ್ಲಿ ನೀಲಿ ಪರದೆಗಳು ತೂಗುತ್ತಿದ್ದವು. ಅವನ್ನು ಹೊಲಿದವಳೂ ಅವಳೇ, ಅಳತೆಗೆಂದು ವಾರಗಟ್ಟಲೆ ಇಲ್ಲಿಗೆ ಬಂದು ಹೋದವಳು. ಸಂಪುಟವನ್ನು ಎರವಲು ಪಡೆದು, ಅಂಗಡಿಯಲ್ಲಿ ಇದ್ದಷ್ಟನ್ನು ಜೆರಾಕ್ಸ್ ಮಾಡಿಕೊಂಡೆ. ಉಳಿದ ಅರ್ಧವನ್ನು ನೋಡಬಾರದು, ಕೇಳಲೂಬಾರದು ಎಂದು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ.

ಆದರೆ ದೊರೆಸ್ವಾಮಿಯವರು ಬಿಡಬೇಕಲ್ಲ. ಪಟ್ಟಿ ಹಾಕಿದವರು ಅವರೇ, ವಿಶ್ವಕೋಶದ ಪರಿಶೀಲಕರು. ಕೆಟ್ಟವರಲ್ಲ. ತಮ್ಮ ಸ್ವಂತ ಷಡ್ಡಕನ ಪುಟಕ್ಕೂ ಪಟ್ಟಿ ಹಾಕಿ ಹೆಂಡತಿಯಿಂದ ಉಗಿಸಿಕೊಂಡವರು. ಜೆರಾಕ್ಸನ್ನು ಕನ್ನಡಕ ಏರಿಸಿ ಇಳಿಸಿ ನೋಡಿದರು.

"ಚೆನ್ನಾಗಿದೆ ಕಣಮ್ಮ. ಉಳಿದದ್ದೆಲ್ಲಿ?"

"ಇಷ್ಟೇ ಸಿಕ್ಕಿದ್ದು ಸಾರ್."

"ಅರ್ಧ ಆಧಾರ ಆಧಾರ ಅಲ್ಲ. ಕೊನೇಲಿ 'ಮೇಲೆ ಹೇಳಿದ್ದೆಲ್ಲ ತಮಾಷೆಗೆ' ಅಂತ ಬರೆದಿದ್ರೆ? ನಿಯಮ ನಾನು ಮಾಡ್ದೋನಲ್ಲ ತಾಯಿ. ನಮ್ಮನೆ ಬಾವೀನೂ ಬತ್ತೋಗ್ತಿದೆ. ನಂಗೇನು ಖುಷಿನಾ?" ಅವರ ದನಿಯಲ್ಲೂ ಭಯವಿತ್ತು.

ಮನೆಗೆ ಬಂದಾಗ ಚೆಲುವಿ ಮೆಷಿನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ನನ್ನ ಮುಖ ನೋಡಿದ್ದೇ ಅವಳಿಗೆ ಗೊತ್ತಾಯಿತು. ಮೆಷಿನ್ನಿನ ಡ್ರಾಯರು ಎಳೆದು, ಬಾಬಿನುಗಳ ಕೆಳಗಿನಿಂದ ಮಡಿಸಿದ ಕಾಗದ ತೆಗೆದು ಕೊಟ್ಟಳು. ಅಂಚು ಹಲ್ಲುಹಲ್ಲಾಗಿತ್ತು.

'ಒಂದೇ ಒಂದು ದೋಷವನ್ನು ಹೇಳಲೇಬೇಕು. ಅಂಬಿಗನ ಕಿರಿಯ ಮಗಳು ಮರಳುದಿಬ್ಬದ ಮೇಲೆ ಜೀವಂತವಾಗಿ ಸಿಕ್ಕಳೆಂದು ಲೇಖಕಿ ಬರೆದಿದ್ದಾರೆ. ಆ ದಿಬ್ಬದ ಮೇಲೆ ಹುಡುಕಿದವರಲ್ಲಿ ನಾನೂ ಒಬ್ಬ. ಅಲ್ಲಿ ಯಾವ ಮಗುವೂ ಸಿಗಲಿಲ್ಲ.'

ಓದಿ ಮುಗಿಸಿದ ಮೇಲೆ ನಾನು ಅವಳ ಕೈ ಹಿಡಿದುಕೊಂಡೆ. ಬೆಚ್ಚಗಿತ್ತು. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ಭಯ ಎಂದರೆ ಏನೆಂದು ನನಗೆ ಆವರೆಗೆ ಗೊತ್ತಿರಲಿಲ್ಲ, ಅವತ್ತು ಗೊತ್ತಾಯಿತು.

"ಯಾವಾಗಿಂದ ಗೊತ್ತು ನಿಂಗೆ?"

"ಪರದೆ ಹೊಲಿದಾಗಿಂದ. ನನ್ನ ವಿಷಯ ಇರೋ ಪುಸ್ತಕದ ಬಗ್ಗೆ ಏನು ಬರೆದಿದಾರೆ ನೋಡೋಣ ಅಂತ ಜಂಬದಲ್ಲಿ ತೆಗೆದೆ." ಅವಳು ನಗಲು ನೋಡಿದಳು, ಆಗಲಿಲ್ಲ. "ಅಕ್ಕ, ನಂಗೆ ದೋಣಿ ನೆನಪಿದೆ. ನೀರು ನೆನಪಿದೆ. ಆಮೇಲೆ ಹೊಸ್ತಿಲು ನೆನಪಿದೆ. ನಡುವೆ ಏನೂ ಇಲ್ಲ. ಮಕ್ಕಳಿಗೆ ಎಲ್ಲ ಎಲ್ಲಿ ನೆನಪಿರತ್ತೆ ಅಂದ್ಕೊಂಡಿದ್ದೆ."

ನಾನು ಆ ಕಾಗದವನ್ನು ಮುಷ್ಟಿಯಲ್ಲಿ ಹಿಡಿದು ಟೀಚರ ಮನೆಗೆ ಹೋದೆ. ಕೋಪ ಬಂದಿತ್ತು. ಯಾರ ಮೇಲೆಂದು ತಿಳಿಯದ ಕೋಪ. ಅವರ ಮುಂದೆ ಕಾಗದ ಹಿಡಿದು, "ಇದು ಸುಳ್ಳು ಅಂತ ಹೇಳಿ ಟೀಚರೇ," ಎಂದೆ.

ಅವರು ಕಾಗದ ನೋಡಿ, ನನ್ನನ್ನು ಜಗಲಿಯ ಮೇಲೆ ಕೂರಿಸಿದರು. ಆಮೇಲೆ ಹೇಳಿದರು. ಅಪ್ಪನನ್ನು ಮಣ್ಣು ಮಾಡಿದ ಮೇಲೆ ಅಮ್ಮ ದಿನಾ ಅವರ ಮನೆಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದಳಂತೆ. ಅಳುತ್ತಿರಲಿಲ್ಲವಂತೆ. ಆಗ ವಿಶ್ವಕೋಶ ಕಂಪ್ಯೂಟರಿಗೆ ಬಂದಿರಲಿಲ್ಲ, ವಾಚನಾಲಯದ ಕಪಾಟಿನಲ್ಲಿ ದಪ್ಪ ಸಂಪುಟಗಳಾಗಿತ್ತು. "ನಿಮ್ಮಮ್ಮ ಕೇಳಿದ್ದು ಒಂದೇ ಮಾತು. 'ಟೀಚರಮ್ಮ, ನೀವು ಬರೆದ್ರೆ ಎಲ್ಲಾರೂ ನಂಬ್ತಾರೆ. ನನ್ನ ಕೂಸು ಸಿಕ್ತು ಅಂತ ಬರೀರಿ.' ನಾನು ಬೈದು ಕಳಿಸ್ದೆ. ಮಾರನೇ ದಿನ ಮತ್ತೆ ಬಂದ್ಲು, ಅದರ ಮಾರನೇ ದಿನಾನೂ. ಬದುಕಿನಲ್ಲಿ ಒಂದು ವಾಕ್ಯ ಸುಳ್ಳು ಬರೆದೆ ಗಂಗಾ, ಒಂದೇ ಒಂದು. ಪುಸ್ತಕ ಅಚ್ಚಾಯ್ತು, ವಿಶ್ವಕೋಶಕ್ಕೆ ಸೇರಿಸಿದ್ರು. ಮಾರನೇ ಬೆಳಿಗ್ಗೆ ನಿಮ್ಮಮ್ಮ ಓಡಿ ಬಂದು, ಮಗು ಬಾಗಿಲಲ್ಲಿ ನಿಂತು ಹಸಿವು ಅಂತಿದೆ, ಏನು ಕೊಡ್ಲಿ ಅಂದ್ಲು." ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಏನು ಕೊಡ್ಲಿ ಅಂತ ನನ್ನ ಕೇಳ್ತಾಳೆ. ನಂಗೇನು ಗೊತ್ತು? ಬೆಲ್ಲ ಕೊಡು ಅಂದೆ."

ಶಾಲು ಬೇಡವೆಂದು ಅವರು ಏಕೆ ಹೇಳುತ್ತಿದ್ದರೆಂದು ನನಗೆ ಆಗ ಅರ್ಥವಾಯಿತು. ತಮ್ಮ ಬಗ್ಗೆ ಯಾರಾದರೂ ಬರೆಯಹೊರಟರೆ ಪುಸ್ತಕಗಳನ್ನು ಕೆದಕುತ್ತಾರೆ, ಕೆದಕಿದರೆ ಈ ವಿಮರ್ಶೆ ಸಿಗುತ್ತದೆ. ನನ್ನ ತಂಗಿಯ ಜೀವಕ್ಕಾಗಿ ಆ ಹೆಂಗಸು ತಮ್ಮ ಪುಟವನ್ನು ಬರಿದಾಗಿ ಇಟ್ಟುಕೊಂಡಿದ್ದರು. ಈಗ ಆ ಖಾಲಿತನವೇ ಅವರ ಕುತ್ತಿಗೆಗೆ ಬಂದಿತ್ತು, ಚೆಲುವಿಯ ಕುತ್ತಿಗೆಗೂ ಬಂದಿತ್ತು.

ಅಮಾವಾಸ್ಯೆ ಹತ್ತಿರವಾದಂತೆ ಟೀಚರ ಮನೆಯ ಗೋಡೆಯ ಸುಣ್ಣ ತನ್ನಷ್ಟಕ್ಕೆ ಮಾಸತೊಡಗಿತು. ಬೀದಿಯಲ್ಲಿ ಅವರನ್ನು ಕಂಡವರು ಗುರುತು ಹಿಡಿಯಲು ಒಂದು ಕ್ಷಣ ತಡವರಿಸುತ್ತಿದ್ದರು. ಚೆಲುವಿಯ ಜಡೆಯಿಂದ ನೀರು ತೊಟ್ಟಿಕ್ಕತೊಡಗಿತು. ಸಾಂಬ್ರಾಣಿ ಹಾಕಿ ಹಾಕಿ ನನ್ನ ಕಣ್ಣು ಉರಿಯುತ್ತಿತ್ತು. ಅವಳೇ ಕೊನೆಗೆ ಕೆಂಡದ ಬಟ್ಟಲನ್ನು ಪಕ್ಕಕ್ಕೆ ತಳ್ಳಿದಳು.

"ಟೀಚರು ಹೋದ್ರೆ ನಾನು ಹೋಗ್ತೀನಿ. ಈ ಕಾಗದ ಕೊಟ್ರೂ ನಾನು ಹೋಗ್ತೀನಿ. ಕೊಟ್ರೆ ಟೀಚರಾದ್ರೂ ಉಳೀತಾರೆ, ಬಾವಿ ಉಳೀತವೆ. ಕೊಡಕ್ಕ."

"ಬಾಯಿ ಮುಚ್ಚು. ಬಾವಿಗೆ ಬೆಂಕಿ ಬೀಳ್ಲಿ."

"ಬಾವಿಗೆ ಬೆಂಕಿ ಹೆಂಗೆ ಬೀಳತ್ತೆ?" ಎಂದಳು ಅವಳು. ಇಬ್ಬರಿಗೂ ನಗು ಬಂತು, ನಗುತ್ತಲೇ ಅಳು ಬಂತು.

ಕಡೆಯ ದಿನ ಮಧ್ಯಾಹ್ನ ದೊರೆಸ್ವಾಮಿಯವರ ಮನೆಯ ಹಜಾರದಲ್ಲಿ ವಾಚನಾಲಯದ ಸಂಪುಟ ತೆರೆದು, ಕತ್ತರಿಸಿದ ಹಾಳೆಗೆ ಆ ತುಂಡನ್ನು ಸೇರಿಸಿಟ್ಟೆ. ಹಲ್ಲಿಗೆ ಹಲ್ಲು ಕೂತವು. ಅವರು ಓದಿದರು. ಓದಿ ನನ್ನನ್ನು ನೋಡಿದರು. ಅವರ ಮಗಳ ಸೀಮಂತದ ರವಿಕೆ ಹೊಲಿದವಳು ಚೆಲುವಿ. ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ ಮೆಲ್ಲಗೆ, "ಇದನ್ನ ಹಾಕಿದ್ರೆ 'ಪುಸ್ತಕದಲ್ಲಿ ಒಂದು ತಪ್ಪಿದೆ' ಅಂತ ಬರೀಬೇಕಾಗತ್ತಲ್ಲಮ್ಮ," ಎಂದರು.

ದಾರಿಯುದ್ದಕ್ಕೂ ನಾನು ಇದೊಂದನ್ನೇ ಮಥಿಸುತ್ತಾ ಬಂದಿದ್ದೆ. "ತಪ್ಪು ಅಂತ ಯಾಕೆ ಬರೀಬೇಕು ಸಾರ್? ಯಾರು ಸರಿ ಅಂತ ಹೇಳೋದು ನಮ್ಮ ಕೆಲಸ ಅಲ್ಲ ಅಂತ ನೀವೇ ಎಲ್ಲಾರಿಗೂ ಪಾಠ ಹೇಳ್ತೀರಿ. ಪುಸ್ತಕ ಹೀಗನ್ನತ್ತೆ, ವಿಮರ್ಶಕರು ಹಾಗಂತಾರೆ. ಎರಡೂ ಅಚ್ಚಾಗಿರೋದು. ಕೆಂಪರಸಯ್ಯನೋರ ಪುಟದಲ್ಲಿ ಹೆಂಗಿದೆ?"

ಅವರು ಕನ್ನಡಕ ತೆಗೆದರು. "ಗೊತ್ತಿದ್ದೇ ಹೇಳ್ತಿದೀಯಾ? ಕೆಂಪರಸಯ್ಯನದು ವಯಸ್ಸಿನ ವಿಷಯ. ಇದು ಇರೋದು ಇಲ್ಲದ್ದರ ವಿಷಯ."

"ಗೊತ್ತಿದ್ದೇ ಹೇಳ್ತಿದೀನಿ."

ಅಲ್ಲೇ ಕೂತು ಬರೆದೆ. ಟೀಚರ ಪುಟವನ್ನು ನಾನು ಬರೆದಷ್ಟು ಪ್ರೀತಿಯಿಂದ ಇನ್ನಾವ ಪುಟವನ್ನೂ ಬರೆದಿಲ್ಲ. ಜಗಲಿಗಳು, ದೋಣಿಯ ಹಲಗೆಗಳು, ತಾನು ಕಾಣದ್ದನ್ನು ಬರೆಯದವಳೆಂಬ ಮಾತು, ಎಲ್ಲವನ್ನೂ ವಿಮರ್ಶೆಯ ಆಧಾರದ ಮೇಲೆ ಒಂದೊಂದಾಗಿ ಸೇರಿಸಿದೆ. ಕೊನೆಗೆ, ನೆಂಟಳು ಸ್ವಂತವಾಗಿ ಬರೆಯುವಂತಿಲ್ಲವೆಂದು ದೊರೆಸ್ವಾಮಿಯವರೇ ಹೇಳಿ ಬರೆಸಿದ ಆ ಸಾಲು: 'ಅಂಬಿಗನ ಕಿರಿಯ ಮಗಳು ಬದುಕುಳಿದಳೆಂದು ಕಡವಿನ ಪುಸ್ತಕ ಹೇಳುತ್ತದೆ; ಸಿಗಲಿಲ್ಲವೆಂದು ವಿಮರ್ಶಕರು ಹೇಳುತ್ತಾರೆ.' ಕಡವಿನ ಪುಟದ ವಾಕ್ಯವನ್ನೂ ದೊರೆಸ್ವಾಮಿಯವರೇ ತಮ್ಮ ಕೈಯಾರೆ ಹಾಗೆಯೇ ಬದಲಿಸಿದರು. ಉಳಿಸು ಎಂಬ ಗುಂಡಿಯನ್ನು ಒತ್ತಬೇಕಾದಾಗ ನನ್ನ ಬೆರಳು ಮೇಲೇಳಲಿಲ್ಲ. ದೊರೆಸ್ವಾಮಿಯವರು ಬೇರೆ ಕಡೆ ನೋಡುತ್ತಾ ಅದನ್ನೂ ಒತ್ತಿದರು.

ಹಳದಿ ಪಟ್ಟಿ ಹೋಯಿತು. ಅರಳಿಕಟ್ಟೆಯ ಕಡೆಯಿಂದ ಹೆಂಗಸರ ಕೂಗು ಕೇಳಿತು. ಬಾವಿಗೆ ನೀರು ಏರುತ್ತಿತ್ತಂತೆ. ನಾನು ನೋಡಲು ನಿಲ್ಲಲಿಲ್ಲ. ಓಡುತ್ತಾ ಬಂದು ನಮ್ಮ ಬೀದಿಯ ತಿರುವಿನಲ್ಲಿ ನಿಂತೆ, ಮುಂದಕ್ಕೆ ಕಾಲು ಹೋಗಲಿಲ್ಲ. ಕಿವಿಗೊಟ್ಟೆ. ಮೆಷಿನ್ನಿನ ಸದ್ದಿತ್ತು. ಒಳಗೆ ಚೆಲುವಿ ಯಾರದೋ ಲಂಗಕ್ಕೆ ಅಂಚು ಕಟ್ಟುತ್ತಿದ್ದಳು. ಅವಳನ್ನು ತಬ್ಬಿಕೊಂಡು ಬೈದೆ. ಏನು ಬೈದೆನೋ ನೆನಪಿಲ್ಲ.

ಮಾರನೆಯ ಬೆಳಿಗ್ಗೆ ಅವಳ ಹಾಸಿಗೆ ಬರಿದಾಗಿತ್ತು. ಕಂಬಳಿ ಒದ್ದೆಯಾಗಿತ್ತು. ದಿಂಬಿನ ಮೇಲೆ ಒಂದಿಷ್ಟು ನದಿಯ ಮರಳಿತ್ತು. ತಲೆಬಾಗಿಲು, ಹಿತ್ತಲ ಬಾಗಿಲು ಎರಡೂ ಒಳಗಿನಿಂದ ಚಿಲಕ ಹಾಕಿದ ಹಾಗೆಯೇ ಇದ್ದವು. ನಾನು ನೆಲದ ಮೇಲೆ ಕೂತೆ, ಎಷ್ಟು ಹೊತ್ತು ಕೂತಿದ್ದೆನೋ. ಬಿಸಿಲೇರಿದ ಮೇಲೆ ನಡುಮನೆಯಿಂದ, "ಅಕ್ಕ, ಆ ಕತ್ತರಿ ಎಲ್ಲಿಟ್ಟೆ?" ಎಂದು ದನಿ ಬಂತು.

ಆಮೇಲಿನಿಂದ ಹೀಗೇ. ಒಮ್ಮೆ ವಾರವಿಡೀ ಇರುತ್ತಾಳೆ, ಜಗಳ ಮಾಡುತ್ತಾಳೆ, ಸಾರಿಗೆ ಉಪ್ಪು ಸಾಲದು ಎನ್ನುತ್ತಾಳೆ. ಒಮ್ಮೆ ಎರಡು ದಿನ ಇರುವುದಿಲ್ಲ. ಎಲ್ಲಿದ್ದೆ ಎಂದು ನಾನು ಕೇಳುವುದಿಲ್ಲ, ಅವಳಿಗೂ ಗೊತ್ತಿಲ್ಲ. ಇಲ್ಲದ ದಿನ ಟೀಚರು ಬಂದು ನಮ್ಮ ಜಗಲಿಯ ಮೇಲೆ ಕೂರುತ್ತಾರೆ, ಅಮ್ಮ ಅವರ ಜಗಲಿಯ ಮೇಲೆ ಕೂರುತ್ತಿದ್ದ ಹಾಗೆ. ಅವರ ಸೆರಗಿನಲ್ಲಿ ಬೆಲ್ಲದ ಗಂಟು ಇರುತ್ತದೆ. ಮೊನ್ನೆ ಕೆಂಪರಸಯ್ಯನವರ ಹೆಂಡತಿ ಹಾಲು ತರುವಾಗ ಸಿಕ್ಕಿ, ಏನೂ ಕೇಳದೆ ನನ್ನ ತೋಳು ಹಿಸುಕಿ, "ಕದ ತೆಗೆದು ನೋಡಬಾರ್ದು ಕಣೇ. ಮೊದಲು ಕಿವಿ ಕೊಡ್ಬೇಕು," ಎಂದಳು. ಅಷ್ಟು ವರ್ಷ ಅವಳನ್ನು ನೋಡಿ ನಕ್ಕಿದ್ದೆನಲ್ಲ ಎಂದು ನಾಚಿಕೆಯಾಯಿತು.

ಇವತ್ತು ಬೆಳಗಾಗಿ ಆಗಲೇ ಹೊತ್ತಾಗಿದೆ. ಚೆಲುವಿಯ ಕೋಣೆಯ ಕದ ಮುಚ್ಚಿದೆ. ನಾನು ಕಿವಿಗೊಟ್ಟು ನಿಂತಿದ್ದೇನೆ, ಮೆಷಿನ್ನಿನ ಸದ್ದು ಇನ್ನೂ ಬಂದಿಲ್ಲ. ಹಾಲನ್ನು ಮಾತ್ರ ಇಬ್ಬರಿಗೆ ಆಗುವಷ್ಟು ಕಾಯಿಸಿ ಇಳಿಸಿದ್ದೇನೆ.